ನಮಾಝಿನಲ್ಲಿ ಮರೆತಾಗ

ಹಲವು ವರ್ಷಗಳ ಹಿಂದಿನ ಮಾತು. ಮದ್ರಸದ ಓದು ಮುಗಿಸಿದ ಹೊಸತರಲ್ಲಿ ನಾನು ಸೊರಬ ತಾಲೂಕಿನ ಒಂದು ಹಳ್ಳಿಯ ಮಸೀದಿಯಲ್ಲಿ ಕೆಲವು ತಿಂಗಳು ಇಮಾಮತ್ ಮಾಡುತ್ತಿದ್ದೆ. ನಾಟಿಯ ದಿನಗಳು. ಝುಹರ್‌ಗೆ ಹತ್ತು ಹನ್ನೆರಡು ಜನ ಬಂದರೆ ಹೆಚ್ಚು. ಕೆಸರುಗಾಲು ತೊಳೆದುಕೊಂಡು ಗದ್ದೆಯಿಂದ ನೇರವಾಗಿ ಬಂದು ಸಫ್‌ನಲ್ಲಿ ನಿಲ್ಲುವವರು, ನಮಾಝ್ ಮುಗಿದೊಡನೆ ಮತ್ತೆ ಗದ್ದೆಗೆ ಹೋಗುವವರು. ಒಂದು ದಿನ ಝುಹರ್‌ನ ಫರ್ಝ್ ಮುಗಿಸಿ, ಸಲಾಮ್ ಹೇಳಿ, ಜನರ ಕಡೆಗೆ ತಿರುಗಿ ಕುಳಿತೆ. ದುಆ ಆಯಿತು. ಇಬ್ಬರು ಎದ್ದು ಹೊರಟೂ ಹೋದರು. ಆಗ ಸಫ್‌ನ ತುದಿಯಲ್ಲಿ ಕುಳಿತಿದ್ದ, ಓದುಬರಹ ಬಾರದ ಒಬ್ಬ ವೃದ್ಧರು ಮೆಲ್ಲಗೆ ಕೇಳಿದರು:

"ಹಜ್ರತ್, ತಪ್ಪು ತಿಳೀಬೇಡಿ. ಮೂರೇ ರಕಅತ್ ಆಯ್ತು ಅನ್ನಿಸ್ತದೆ."

ನಾನು ಉತ್ತರಿಸುವ ಮೊದಲೇ ಪಕ್ಕದವರೊಬ್ಬರು ಅವರನ್ನು ಗದರಿದರು: "ಹಜ್ರತ್‌ಗೆ ಗೊತ್ತಿಲ್ವಾ? ನಿಂಗೇ ಮರೆವು ಜಾಸ್ತಿ ಆಗಿದೆ ಚಾಚಾ."

ಓದುಗರೇ, ಸತ್ಯ ಹೇಳಬೇಕೆಂದರೆ ಆ ಮಾತು ಆ ಕ್ಷಣಕ್ಕೆ ನನಗೆ ಹಿತವಾಗಿತ್ತು. ಸುಮ್ಮನಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾಲ್ಕು ಪೂರ್ತಿ ಮಾಡಿದ್ದೇನೆಂಬ ಭರವಸೆ ನನಗೇ ಇರಲಿಲ್ಲ. ಉಳಿದವರನ್ನು ಒಬ್ಬೊಬ್ಬರಾಗಿ ಕೇಳಿದೆ. ಇಬ್ಬರು ತಲೆ ತಗ್ಗಿಸಿಕೊಂಡು, "ಹೌದು, ಮೂರೇ" ಎಂದರು. ಅವರಿಗೆ ಮೊದಲೇ ಗೊತ್ತಿತ್ತು. ಮೌಲ್ವಿ ಸಾಹೇಬರಿಗೆ ಹೇಗೆ ಹೇಳುವುದು ಎಂದು ಬಾಯಿ ಮುಚ್ಚಿಕೊಂಡಿದ್ದರು! ಅಷ್ಟು ಹೊತ್ತಿಗೆ ಮಾತುಕತೆ ನಡೆದುಹೋಗಿತ್ತು, ಎಲ್ಲರೂ ಕಿಬ್ಲಾದಿಂದ ತಿರುಗಿದ್ದರು. ಆದ್ದರಿಂದ ಒಂದೇ ಒಂದು ರಕಅತ್ ಸೇರಿಸಿಕೊಳ್ಳುವ ಅವಕಾಶ ಉಳಿದಿರಲಿಲ್ಲ; ನಾಲ್ಕು ರಕಅತ್‌ಗಳನ್ನೂ ಹೊಸದಾಗಿ ನಿರ್ವಹಿಸಿದೆವು. ಹೊರಟುಹೋಗಿದ್ದ ಇಬ್ಬರಿಗೂ ತಿಳಿಸಲೇಬೇಕಿತ್ತು. ನಾನೇ ಗದ್ದೆಯ ಬದುವಿನ ಮೇಲೆ ಹೋಗಿ ಹೇಳಿದೆ. ಒಬ್ಬರು ಸಸಿಯ ಕಟ್ಟನ್ನು ಕೆಳಗಿಟ್ಟು ನಕ್ಕರು: "ನಂಗೂ ಗೊತ್ತಾಗಿತ್ತು ಹಜ್ರತ್. ನೀವು ಓದಿದೋರು, ಏನೋ ಕಾರಣ ಇರಬಹುದು ಅಂದ್ಕೊಂಡೆ."

ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ನಾನು ಮರೆತದ್ದು ದೊಡ್ಡ ವಿಷಯವೇನೂ ಅಲ್ಲ. ಆದರೆ ಸಫ್‌ನಲ್ಲಿದ್ದ ನಾಲ್ವರಿಗೆ ತಪ್ಪು ಗೊತ್ತಿದ್ದೂ ಸಕಾಲದಲ್ಲಿ ಒಬ್ಬರ ಬಾಯಿಂದಲೂ "ಸುಬ್‌ಹಾನಲ್ಲಾಹ್" ಎಂಬ ಒಂದು ಪದ ಹೊರಡಲಿಲ್ಲ. ಹೊರಟಿದ್ದರೆ ಒಂದು ರಕಅತ್ ಮತ್ತು ಎರಡು ಸಜ್ದಾಗಳಲ್ಲಿ ಎಲ್ಲವೂ ಸರಿಹೋಗುತ್ತಿತ್ತು.

ಪ್ರವಾದಿವರ್ಯರೂ(ಸ) ಮರೆತಿದ್ದರು

ನಮಾಝಿನಲ್ಲಿ ಮರೆವಾದರೆ ಅದನ್ನು ಭಕ್ತಿಹೀನತೆಯ ಲಕ್ಷಣವೆಂದು ಬಗೆದು ಕೊರಗುವವರು ನಮ್ಮಲ್ಲಿದ್ದಾರೆ. ಅಂಥವರು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಹ. ಅಬೂ ಹುರೈರಾ(ರ) ವರದಿ ಮಾಡಿರುವ ಘಟನೆಯನ್ನು ಕೇಳಬೇಕು. ಹಗಲಿನ ಇಳಿಹೊತ್ತಿನ ಒಂದು ನಮಾಝಿನಲ್ಲಿ ಪ್ರವಾದಿವರ್ಯರು(ಸ) ಎರಡೇ ರಕಅತ್‌ಗೆ ಸಲಾಮ್ ಹೇಳಿಬಿಟ್ಟರು. ಬಳಿಕ ಎದ್ದು ಮಸೀದಿಯಲ್ಲಿದ್ದ ಒಂದು ಮರದ ತುಂಡಿಗೆ ಒರಗಿ ನಿಂತರು. ಮುಖದಲ್ಲಿ ಸಿಟ್ಟಿನ ಛಾಯೆ ಇದ್ದಂತಿತ್ತು. ಹ. ಅಬೂಬಕರ್(ರ) ಮತ್ತು ಹ. ಉಮರ್(ರ) ಅಲ್ಲೇ ಇದ್ದರು. ಆದರೆ ಅವರಿಗೂ ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಅವಸರದವರು ನಮಾಝ್ ಕಡಿಮೆಯಾಯಿತೆಂದು ಹೇಳಿಕೊಳ್ಳುತ್ತಾ ಹೊರಗೆ ನಡೆದರು. ಆಗ ಉದ್ದನೆಯ ಕೈಗಳಿದ್ದ ಕಾರಣ ಝುಲ್ ಯದೈನ್ ಎಂದು ಕರೆಯಲ್ಪಡುತ್ತಿದ್ದ ಒಬ್ಬ ಸಹಾಬಿ ಮುಂದೆ ಬಂದು, ತಾವು ಮರೆತಿರೋ ಅಥವಾ ನಮಾಝನ್ನೇ ಕಡಿಮೆ ಮಾಡಲಾಗಿದೆಯೋ ಎಂದು ಕೇಳಿದರು. ಎರಡೂ ಅಲ್ಲವೆಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಈ ವ್ಯಕ್ತಿ ಹೇಳುತ್ತಿರುವುದು ನಿಜವೇ ಎಂದು ಜನರನ್ನು ವಿಚಾರಿಸಿದರು. ಹೌದೆಂದು ತಿಳಿದಾಗ ಮುಂದೆ ಹೋಗಿ, ಉಳಿದದ್ದನ್ನು ಪೂರ್ತಿ ಮಾಡಿ, ಮರೆವಿಗಾಗಿ ಎರಡು ಸಜ್ದಾ ಮಾಡಿದರು.

ಕೇಳಿದವರು ಯಾರೆಂಬುದನ್ನು ಗಮನಿಸಿರಿ. ಅಬೂಬಕರ್, ಉಮರ್‌ರಂಥವರು(ರ) ಗೌರವದಿಂದ ಮೌನವಾಗಿದ್ದಾಗ ಜನಸಾಮಾನ್ಯರಲ್ಲಿ ಒಬ್ಬರಾದ ಈ ಸಹಾಬಿ ಕೇಳಿದರು. ಅವರನ್ನು ಯಾರೂ ಗದರಿಸಲಿಲ್ಲ. ನನ್ನ ಮಸೀದಿಯ ಆ ವೃದ್ಧರು ಮಾಡಿದ್ದೂ ಇದನ್ನೇ.

ಇನ್ನೊಮ್ಮೆ ಝುಹರ್‌ನಲ್ಲಿ ಐದು ರಕಅತ್ ಆದುದನ್ನು ಹ. ಅಬ್ದುಲ್ಲಾ ಬಿನ್ ಮಸ್ಊದ್(ರ) ವರದಿ ಮಾಡಿದ್ದಾರೆ. ತಾವೂ ಮನುಷ್ಯರೇ, ಎಲ್ಲರಂತೆ ಮರೆಯುವವರೇ, ಮರೆತಾಗ ನೆನಪಿಸಬೇಕು ಎಂದು ಪ್ರವಾದಿವರ್ಯರು(ಸ) ಆ ಸಂದರ್ಭದಲ್ಲಿ ತಿಳಿಸಿದರು. ನೆನಪಿಸುವುದು ಅನುಯಾಯಿಯ ಉದ್ಧಟತನವಲ್ಲ, ಅವನಿಗೆ ಒಪ್ಪಿಸಿದ ಕೆಲಸ ಎಂದಾಯಿತು. ಮೂರನೆಯ ಘಟನೆ ಹ. ಅಬ್ದುಲ್ಲಾ ಬಿನ್ ಬುಹೈನಾ(ರ) ಅವರ ವರದಿಯದು. ಝುಹರ್‌ನಲ್ಲಿ ಎರಡನೆಯ ರಕಅತ್‌ನ ನಂತರ ಕುಳಿತುಕೊಳ್ಳದೆ ನೇರವಾಗಿ ಎದ್ದುನಿಂತಾಗ ಪ್ರವಾದಿವರ್ಯರು(ಸ) ನಮಾಝ್ ಮುಂದುವರಿಸಿದರು. ಕೊನೆಯಲ್ಲಿ ಜನರು ಸಲಾಮ್‌ಗಾಗಿ ಕಾಯುತ್ತಿದ್ದಾಗ ಎರಡು ಸಜ್ದಾ ಮಾಡಿ ಬಳಿಕ ಸಲಾಮ್ ಹೇಳಿದರು. ಕಡಿಮೆ, ಹೆಚ್ಚು, ನಡುವೆ ಬಿಟ್ಟುಹೋದದ್ದು - ಮರೆವಿನ ಮೂರೂ ಬಗೆಗಳಿಗೆ ಅವರ ಜೀವನದಲ್ಲೇ ಮಾದರಿ ಸಿಕ್ಕಿತು. ಅವರು ಒಮ್ಮೆಯೂ ಮರೆಯದಿದ್ದರೆ ನಾವು ಮರೆತಾಗ ಏನು ಮಾಡಬೇಕೆಂದು ಯಾರನ್ನು ನೋಡಿ ಕಲಿಯುತ್ತಿದ್ದೆವು?

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಝುಲ್ ಯದೈನ್‌ರ ಘಟನೆಯಲ್ಲಿ ಮಾತುಕತೆ ನಡೆದ ಮೇಲೂ ಉಳಿದ ಎರಡು ರಕಅತ್ ಮಾತ್ರ ನಿರ್ವಹಿಸಲಾಯಿತಲ್ಲ, ಹಾಗಿದ್ದರೆ ನಾವು ಆ ಹಳ್ಳಿಯಲ್ಲಿ ನಾಲ್ಕನ್ನೂ ಮತ್ತೆ ಏಕೆ ಮಾಡಿದೆವು ಎಂದು ನೀವು ಕೇಳಬಹುದು. ಆರಂಭದ ಕಾಲದಲ್ಲಿ ನಮಾಝಿನಲ್ಲಿ ಮಾತನಾಡಲು ಅನುಮತಿಯಿತ್ತು, ಅನಂತರ ಅದು ನಿಷಿದ್ಧವಾಯಿತು. ಈ ಘಟನೆ ನಿಷೇಧಕ್ಕೆ ಮೊದಲಿನದು ಎಂದು ಹನಫೀ ವಿದ್ವಾಂಸರು ಹೇಳುತ್ತಾರೆ. ಆದ್ದರಿಂದ ಅವರ ಪ್ರಕಾರ ಮರೆತು ಮಾತನಾಡಿದರೂ ನಮಾಝ್ ಕೆಡುತ್ತದೆ. ಮರೆತು ಆಡಿದ ಅಲ್ಪ ಮಾತಿನಿಂದ ಕೆಡುವುದಿಲ್ಲ ಎಂಬುದು ಶಾಫಿಈ ವಿದ್ವಾಂಸರ ನಿಲುವು. ನಮ್ಮ ಶಿಕಾರಿಪುರ, ಸೊರಬದ ಕಡೆ ಹೆಚ್ಚಿನವರು ಹನಫೀ ಕ್ರಮವನ್ನು ಅನುಸರಿಸುವವರಾದ್ದರಿಂದ ಮುಂದಿನ ವಿವರಗಳನ್ನೂ ಅದರಂತೆಯೇ ಬರೆದಿದ್ದೇನೆ.

ಯಾವುದಕ್ಕೆ ಸಜ್ದಾ, ಯಾವುದಕ್ಕೆ ಇಲ್ಲ

'ಸಹ್ವ್' ಎಂದರೆ ಮರೆವು. 'ಸಜ್ದಾ ಸಹ್ವ್' ಎಂದರೆ ಮರೆವಿನ ಪರಿಹಾರಕ್ಕಾಗಿ ಮಾಡುವ ಎರಡು ಸಜ್ದಾಗಳು. ಇದನ್ನು ಮಾಡುವ ಕ್ರಮ ಸುಲಭ. ಕೊನೆಯ ಬೈಠಕ್‌ನಲ್ಲಿ ಅತ್ತಹಿಯ್ಯಾತ್ ಓದಿ, ಬಲಗಡೆಗೆ ಮಾತ್ರ ಒಂದು ಸಲಾಮ್ ಹೇಳಿ, ತಕ್ಬೀರ್‌ನೊಂದಿಗೆ ಎಂದಿನಂತೆ ಎರಡು ಸಜ್ದಾ ಮಾಡಬೇಕು. ಮತ್ತೆ ಕುಳಿತು ಅತ್ತಹಿಯ್ಯಾತ್, ದುರೂದ್ ಮತ್ತು ದುಆ ಓದಿ ಎರಡೂ ಕಡೆಗೆ ಸಲಾಮ್ ಹೇಳಿದರೆ ಮುಗಿಯಿತು. ಸಜ್ದಾದಲ್ಲಿ ಎಂದಿನ ತಸ್ಬೀಹನ್ನೇ ಹೇಳುವುದು. ಇದಕ್ಕೆಂದು ಬೇರೆ ದುಆ ಇಲ್ಲ. ಒಂದೇ ನಮಾಝಿನಲ್ಲಿ ಮೂರು ಕಡೆ ಮರೆತರೂ ಸಜ್ದಾ ಎರಡೇ. ಮೂರು ಮರೆವಿಗೆ ಆರು ಸಜ್ದಾ ಮಾಡಿದವರನ್ನು ನಾನು ಕಂಡಿದ್ದೇನೆ. ಪಾಪ, ಅವರ ಲೆಕ್ಕ ಶುದ್ಧವಾಗಿತ್ತು, ಮಸ್‌ಅಲಾ ಗೊತ್ತಿರಲಿಲ್ಲ.

ಆದರೆ ಎಲ್ಲ ತಪ್ಪುಗಳಿಗೂ ಇದು ಮದ್ದಲ್ಲ. ನಮ್ಮ ಮಲೆನಾಡಿನ ಹೆಂಚಿನ ಮನೆಯನ್ನು ನೆನಪಿಸಿಕೊಳ್ಳಿ. ಕಂಬ ಬಿದ್ದರೆ ಮನೆಯೇ ನಿಲ್ಲುವುದಿಲ್ಲ. ಹೆಂಚು ಒಡೆದರೆ ಸೋರುತ್ತದೆ, ಬದಲಿಸಬೇಕು. ಗೋಡೆಯ ಸುಣ್ಣ ಮಾಸಿದರೆ ಅಂದ ಕೆಡುತ್ತದೆ, ಅಷ್ಟೆ. ನಮಾಝಿನ ಫರ್ಝ್‌ಗಳು ಕಂಬಗಳು: ನಿಲ್ಲುವುದು, ಕುರ್‌ಆನ್ ಪಠಣ, ರುಕೂ, ಸಜ್ದಾ, ಕೊನೆಯ ಬೈಠಕ್. ಇವುಗಳಲ್ಲಿ ಒಂದು ಬಿಟ್ಟುಹೋದರೆ ಸಜ್ದಾ ಸಹ್ವ್ ಅದರ ಸ್ಥಾನ ತುಂಬದು. ಉದಾಹರಣೆಗೆ ಒಂದು ರಕಅತ್‌ನಲ್ಲಿ ಒಂದೇ ಸಜ್ದಾ ಮಾಡಿದ್ದು ಆಮೇಲೆ ನೆನಪಾದರೆ, ಆ ಬಿಟ್ಟುಹೋದ ಸಜ್ದಾವನ್ನು ಮೊದಲು ಮಾಡಿ, ಬಳಿಕ ಕೊನೆಯಲ್ಲಿ ಸಜ್ದಾ ಸಹ್ವ್ ಮಾಡಬೇಕು. ಅದನ್ನು ಮಾಡದೆಯೇ ಎದ್ದುಹೋದರೆ ನಮಾಝ್ ಆಗಲಿಲ್ಲ.

ಸಜ್ದಾ ಸಹ್ವ್ ಇರುವುದು ಹೆಂಚಿಗೆ, ಅಂದರೆ ವಾಜಿಬ್‌ಗೆ. ಫರ್ಝ್ ನಮಾಝಿನ ಮೊದಲ ಎರಡು ರಕಅತ್‌ಗಳಲ್ಲಿ ಸೂರಃ ಫಾತಿಹಾ ಓದಲು ಮರೆತರೆ, ಅಥವಾ ಅದರ ನಂತರ ಬೇರೆ ಸೂರಃ ಸೇರಿಸಲು ಮರೆತರೆ, ಮೊದಲ ಬೈಠಕ್ ಬಿಟ್ಟುಹೋದರೆ, ಅತ್ತಹಿಯ್ಯಾತ್ ಓದದಿದ್ದರೆ, ವಿತ್ರ್‌ನಲ್ಲಿ ಕುನೂತ್ ಬಿಟ್ಟುಹೋದರೆ, ಇಮಾಮರು ಮಗ್ರಿಬ್‌ನಲ್ಲಿ ಮೆಲ್ಲಗೆ ಓದಿದರೆ ಅಥವಾ ಝುಹರ್‌ನಲ್ಲಿ ಗಟ್ಟಿಯಾಗಿ ಓದಿದರೆ ಸಜ್ದಾ ಸಹ್ವ್ ಮಾಡಬೇಕು. ಸೂರಃ ಸೇರಿಸಲು ಮರೆತದ್ದು ರುಕೂವಿನಲ್ಲೇ ನೆನಪಾದರೆ ಎದ್ದು ನಿಂತು ಸೂರಃ ಓದಿ, ಮತ್ತೆ ರುಕೂ ಮಾಡಬೇಕು. ಸಜ್ದಾ ಸಹ್ವ್ ಆಗಲೂ ಇದೆ. ಕುನೂತ್ ಮರೆತು ರುಕೂವಿಗೆ ಹೋದರೆ ಮಾತ್ರ ಹಿಂದಿರುಗುವುದು ಬೇಡ. ಇನ್ನು ಬಹಳ ಮಂದಿಗೆ ತಿಳಿಯದ ಒಂದು ಸಂಗತಿ: ನಾಲ್ಕು ರಕಅತ್‌ನ ಫರ್ಝ್‌ನಲ್ಲಿ ಮೊದಲ ಬೈಠಕ್‌ನ ಅತ್ತಹಿಯ್ಯಾತ್ ಮುಗಿದ ಮೇಲೆ ಮರೆತು ದುರೂದ್ ಆರಂಭಿಸಿ 'ಅಲ್ಲಾಹುಮ್ಮ ಸಲ್ಲಿ ಅಲಾ ಮುಹಮ್ಮದ್' ವರೆಗೆ ಓದಿದರೂ ಸಜ್ದಾ ಸಹ್ವ್ ಇದೆ. ದುರೂದ್ ಪುಣ್ಯಕಾರ್ಯವಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಪುಣ್ಯಕಾರ್ಯವೇ. ಆದರೆ ಇಲ್ಲಿ ಅದು ಮೂರನೆಯ ರಕಅತ್‌ಗೆ ಏಳುವುದನ್ನು ತಡಮಾಡಿತು. ಸಜ್ದಾ ಆ ತಡಕ್ಕೆ.

ರುಕೂವಿನ ತಸ್ಬೀಹ್, 'ಸನಾ' ಮುಂತಾದ ಸುನ್ನತ್‌ಗಳು ಮರೆತುಹೋದರೆ ಸಜ್ದಾ ಇಲ್ಲ. ಹಾಗೆಯೇ ವಾಜಿಬ್ ಅನ್ನು ಬೇಕೆಂದೇ ಬಿಟ್ಟವನಿಗೂ ಈ ಸಜ್ದಾ ಪರಿಹಾರವಲ್ಲ. ಅವನು ಪಶ್ಚಾತ್ತಾಪಪಟ್ಟು ನಮಾಝನ್ನು ಮತ್ತೆ ನಿರ್ವಹಿಸಬೇಕು. ಹೆಸರೇ ಹೇಳುವಂತೆ ಇದು ಮರೆವಿನ ಸಜ್ದಾ, ಉದಾಸೀನದ್ದಲ್ಲ.

ಎದ್ದುನಿಂತ ಮೇಲೆ ನೆನಪಾದರೆ

ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವುದು ಇಲ್ಲೇ. ಎರಡನೆಯ ರಕಅತ್‌ನ ನಂತರ ಕುಳಿತುಕೊಳ್ಳದೆ ಏಳತೊಡಗಿದಿರಿ. ಕುಳಿತ ಸ್ಥಿತಿಗೆ ಹತ್ತಿರವಿರುವಾಗಲೇ ನೆನಪಾದರೆ ಕುಳಿತುಬಿಡಿ. ಪೂರ್ತಿ ನೆಟ್ಟಗೆ ನಿಂತ ಮೇಲೆ ನೆನಪಾದರೆ ಕುಳಿತುಕೊಳ್ಳಬೇಡಿ. ಮೂರನೆಯ ರಕಅತನ್ನು ಮುಂದುವರಿಸಿ ಕೊನೆಯಲ್ಲಿ ಸಜ್ದಾ ಸಹ್ವ್ ಮಾಡಿ. ಪ್ರವಾದಿವರ್ಯರು(ಸ) ಮಾಡಿದ್ದು ಇದನ್ನೇ, ಹ. ಮುಗೀರಾ ಬಿನ್ ಶುಅಬಾ(ರ) ಅವರ ವರದಿಯಲ್ಲಿರುವ ಆದೇಶವೂ ಇದೇ. ಇಮಾಮರು ಹೀಗೆ ನಿಂತ ಮೇಲೆ ಹಿಂದಿನಿಂದ ನಾಲ್ಕಾರು ಮಂದಿ ಒಟ್ಟಿಗೆ "ಸುಬ್‌ಹಾನಲ್ಲಾಹ್, ಸುಬ್‌ಹಾನಲ್ಲಾಹ್" ಎಂದು ಕೂಗಿ, ಅವರು ಗಾಬರಿಯಿಂದ ಕುಳಿತು, ಮತ್ತೆ ಎದ್ದು, ಸಫ್‌ನಲ್ಲಿ ಅರ್ಧ ಜನ ನಿಂತು ಅರ್ಧ ಜನ ಕುಳಿತಿರುವ ದೃಶ್ಯವನ್ನು ನೀವೂ ನೋಡಿರಬಹುದು. ಅವರು ಏಳುತ್ತಿರುವಾಗ ಹೇಳಿದ ಒಂದು 'ಸುಬ್‌ಹಾನಲ್ಲಾಹ್' ಉಪಕಾರ. ನಿಂತ ಮೇಲೆ ಹೇಳಿದ ಹತ್ತರಿಂದ ಏನೂ ಉಪಕಾರವಿಲ್ಲ. ಆಗ ಹಿಂದಿನವರೂ ಎದ್ದುನಿಂತು ಇಮಾಮರನ್ನು ಹಿಂಬಾಲಿಸಬೇಕು.

ಕೊನೆಯ ಬೈಠಕ್‌ನ ವಿಷಯ ಬೇರೆ, ಏಕೆಂದರೆ ಅದು ಫರ್ಝ್. ನಾಲ್ಕನೆಯ ರಕಅತ್‌ನ ನಂತರ ಕುಳಿತುಕೊಳ್ಳದೆ ಐದನೆಯದಕ್ಕೆ ನಿಂತರೆ, ಪೂರ್ತಿ ನಿಂತಿದ್ದರೂ, ರುಕೂ ಆಗಿದ್ದರೂ, ಐದನೆಯದರ ಸಜ್ದಾಕ್ಕೆ ಮೊದಲು ನೆನಪಾದ ಕೂಡಲೇ ಹಿಂದಿರುಗಿ ಕುಳಿತು ಸಜ್ದಾ ಸಹ್ವ್ ಮಾಡಬೇಕು. ಐದನೆಯದರ ಸಜ್ದಾವನ್ನೂ ಮಾಡಿಬಿಟ್ಟರೆ ಆ ಫರ್ಝ್ ನಫಿಲ್ ಆಗಿಬಿಡುತ್ತದೆ. ಆರನೆಯದೊಂದನ್ನು ಸೇರಿಸಿ ಮುಗಿಸಿ, ಫರ್ಝ್ ಅನ್ನು ಹೊಸದಾಗಿ ನಿರ್ವಹಿಸಬೇಕು. ನಾಲ್ಕನೆಯದರಲ್ಲಿ ಅತ್ತಹಿಯ್ಯಾತ್‌ನಷ್ಟು ಹೊತ್ತು ಕುಳಿತು, ಅದು ಮೊದಲ ಬೈಠಕ್ ಎಂದು ಭಾವಿಸಿ ಎದ್ದಿದ್ದರೆ ಇಷ್ಟು ಕಷ್ಟವಿಲ್ಲ. ಸಜ್ದಾಕ್ಕೆ ಮುಂಚೆ ನೆನಪಾದರೆ ಹಿಂದಿರುಗಿ ಕುಳಿತುಕೊಳ್ಳುವುದು. ಸಜ್ದಾ ಆಗಿದ್ದರೆ ಆರನೆಯದನ್ನು ಸೇರಿಸುವುದು. ಫರ್ಝ್ ನೆರವೇರಿತು, ಹೆಚ್ಚಿನ ಎರಡು ನಫಿಲ್ ಆದವು, ಸಜ್ದಾ ಸಹ್ವ್ ಮಾತ್ರ ಬಾಕಿ.

ನಾಲ್ಕರ ಬದಲು ಎರಡು ಅಥವಾ ಮೂರಕ್ಕೇ ಸಲಾಮ್ ಹೇಳಿದರೆ? ಇದೇ ನನ್ನ ಸಂಗತಿ. ಯಾರೂ ಮಾತನಾಡದೆ, ಕಿಬ್ಲಾದಿಂದ ಎದೆ ತಿರುಗಿಸದೆ ಇರುವಾಗಲೇ ನೆನಪಾದರೆ ಎದ್ದು ಉಳಿದದ್ದನ್ನು ಪೂರ್ತಿ ಮಾಡಿ ಸಜ್ದಾ ಸಹ್ವ್ ಮಾಡಿದರೆ ಸಾಕು. ಎಲ್ಲವೂ ನಿಂತಿರುವುದು ಆ ಕೆಲವು ಕ್ಷಣಗಳ ಮೇಲೆ. ಆದ್ದರಿಂದಲೇ ಸಲಾಮ್ ಆದ ತಕ್ಷಣ, "ಹಜ್ರತ್, ಮೂರಾಯ್ತು" ಎಂದು ಹೇಳುವ ಬದಲು "ಸುಬ್‌ಹಾನಲ್ಲಾಹ್" ಎನ್ನುವ ಅಭ್ಯಾಸವನ್ನು ಮಕ್ಕಳಿಗೆ ಮಕ್ತಬ್‌ನಲ್ಲೇ ಮಾಡಿಸಬೇಕು. ಈಗ ನಾನು ಕಲಿಸುವ ಶಿಕಾರಿಪುರದ ಮಕ್ಕಳಿಗೆ ಇದನ್ನು ಆಟದಂತೆ ಮಾಡಿಸುತ್ತೇನೆ. ಒಬ್ಬ ಹುಡುಗ ಇಮಾಮ್ ಆಗಿ ಬೇಕೆಂದೇ ತಪ್ಪುತ್ತಾನೆ (ಇದು ಕಲಿಕೆ, ನಮಾಝ್ ಅಲ್ಲ), ಹಿಂದಿನವರು ಸರಿಯಾದ ಕ್ಷಣದಲ್ಲಿ ಹೇಳಬೇಕು. ಉರ್ದುವಿನ 'ತಾಲೀಮುಲ್ ಇಸ್ಲಾಮ್'ನ ಪ್ರಶ್ನೋತ್ತರಗಳನ್ನು ಬಾಯಿಪಾಠ ಒಪ್ಪಿಸುವ ಹುಡುಗನೂ ಈ ಆಟದಲ್ಲಿ ಮೊದಲ ದಿನ ತಬ್ಬಿಬ್ಬಾಗುತ್ತಾನೆ. ಕನ್ನಡ ಶಾಲೆಯಲ್ಲಿ ಓದುವ ಮಕ್ಕಳಿಗೆ ಉರ್ದುವಿನ ವಾಕ್ಯ ಬಾಯಿಗೆ ಬರುತ್ತದೆ, ಅರ್ಥ ಎಷ್ಟೋ ಸಲ ತಲೆಗೆ ಹೋಗಿರುವುದಿಲ್ಲ. ಅವರೊಂದಿಗೆ ಕನ್ನಡದಲ್ಲಿ ಮಾತನಾಡಲು ನಾವು ಸಂಕೋಚಪಡಬೇಕಾದ ಕಾರಣ ನನಗಂತೂ ಕಾಣದು.

ಮನೆಯಲ್ಲಿ ಪತಿಯ ಅಥವಾ ಮಗನ ಹಿಂದೆ ನಮಾಝ್ ಮಾಡುವ ಸ್ತ್ರೀಯರು ನೆನಪಿಸಬೇಕಾದಾಗ ಬಲಗೈ ಬೆರಳುಗಳಿಂದ ಎಡಗೈಯ ಹಿಂಭಾಗವನ್ನು ತಟ್ಟಬೇಕು. ಪುರುಷರಿಗೆ ತಸ್ಬೀಹ್, ಸ್ತ್ರೀಯರಿಗೆ ಕೈತಟ್ಟುವುದು ಎಂದು ಹದೀಸ್‌ನಲ್ಲಿದೆ.

ಜಮಾಅತ್‌ನಲ್ಲಿ ಇನ್ನೆರಡು ಮಾತು. ಇಮಾಮರ ಹಿಂದೆ ನಿಂತವನು ತಾನು ಮರೆತರೆ, ಉದಾಹರಣೆಗೆ ಅತ್ತಹಿಯ್ಯಾತ್ ಬಿಟ್ಟರೆ, ಅವನಿಗೆ ಸಜ್ದಾ ಸಹ್ವ್ ಇಲ್ಲ. ಇಮಾಮರು ಮರೆತರೆ ಎಲ್ಲರಿಗೂ ಇದೆ. ತಡವಾಗಿ ಬಂದು ಸೇರಿದವನು ಇಮಾಮರೊಂದಿಗೆ ಸಜ್ದಾ ಸಹ್ವ್ ಮಾಡಬೇಕು, ಆದರೆ ಅದಕ್ಕೆ ಮುಂಚಿನ ಸಲಾಮ್ ಹೇಳಬಾರದು. ಇಮಾಮರು ನಮಾಝ್ ಮುಗಿಸಿದ ಮೇಲೆ ತನ್ನ ಬಾಕಿ ರಕಅತ್‌ಗಳಿಗೆ ಏಳಬೇಕು. ಆ ಬಾಕಿಯಲ್ಲಿ ತಾನೇ ಮರೆತರೆ ತಾನೇ ಸಜ್ದಾ ಮಾಡಿಕೊಳ್ಳಬೇಕು.

ಭಟ್ಕಳ, ಮಂಗಳೂರಿನ ಕಡೆಯ ಸಹೋದರರು ವ್ಯಾಪಾರಕ್ಕೋ ನೆಂಟಸ್ತಿಕೆಗೋ ನಮ್ಮ ಶಿರಾಳಕೊಪ್ಪ, ಆನವಟ್ಟಿಯ ಮಸೀದಿಗಳಿಗೆ ಬಂದಾಗ, ನಮ್ಮ ಇಮಾಮರು ಒಂದು ಸಲಾಮ್ ಹೇಳಿ ಸಜ್ದಾಕ್ಕೆ ಹೋದರೆ ಬೆರಗಾಗುತ್ತಾರೆ. ಶಾಫಿಈ ಕ್ರಮದಲ್ಲಿ ಸಜ್ದಾ ಸಹ್ವ್ ಸಲಾಮ್‌ಗೆ ಮುಂಚೆಯೇ. ನಾವು ಘಟ್ಟ ಇಳಿದು ಹೋದಾಗ ಅದೇ ಬೆರಗು ನಮ್ಮದು. ಅವರು ಫಜ್ರ್‌ನಲ್ಲಿ ಕುನೂತ್ ಮರೆತರೂ ಸಜ್ದಾ ಮಾಡುತ್ತಾರೆ. ಮೇಲೆ ಹೇಳಿದ ಇಬ್ನು ಬುಹೈನಾ(ರ) ಅವರ ವರದಿಯಲ್ಲಿ ಸಜ್ದಾ ಸಲಾಮ್‌ಗೆ ಮೊದಲು, ಇಬ್ನು ಮಸ್ಊದ್(ರ) ಅವರ ವರದಿಯಲ್ಲಿ ಸಲಾಮ್‌ನ ನಂತರ ಎಂಬುದನ್ನು ನೆನಪಿಸಿಕೊಂಡರೆ ಬೆರಗು ಹೋಗುತ್ತದೆ. ಯಾರ ಹಿಂದೆ ನಿಂತಿದ್ದೀರೋ ಅವರನ್ನು ಅನುಸರಿಸಿ. ಹೊರಗೆ ಬಂದು ಚಪ್ಪಲಿ ಹುಡುಕುತ್ತಾ ಚರ್ಚೆ ಬೇಡ.

ಜುಮಾ ಮತ್ತು ಈದ್‌ನ ದೊಡ್ಡ ಜನಸಂದಣಿಯಲ್ಲಿ ಸಜ್ದಾ ಸಹ್ವ್ ಮಾಡಿದರೆ ಹಿಂದಿನ ಸಾಲುಗಳವರು ಇದೇನೆಂದು ತಿಳಿಯದೆ ಗೊಂದಲಕ್ಕೊಳಗಾಗುವ ಭಯವಿದ್ದರೆ ಅದನ್ನು ಬಿಡಬಹುದೆಂದು ನಂತರದ ಹನಫೀ ವಿದ್ವಾಂಸರು ಹೇಳಿದ್ದಾರೆ. ಈದ್‌ಗಾಹ್‌ನಲ್ಲಿ ಇಮಾಮರು ಹೆಚ್ಚಿನ ತಕ್ಬೀರ್‌ಗಳಲ್ಲಿ ಒಂದನ್ನು ಮರೆತು ಸಜ್ದಾ ಮಾಡದೆ ಮುಗಿಸಿದರೆ ಅವರಿಗೆ ಮಸ್‌ಅಲಾ ತಿಳಿಯದೆಂದು ತೀರ್ಮಾನಿಸಬೇಡಿ.

ಮೂರೋ ನಾಲ್ಕೋ ಎಂಬ ಸಂಶಯ

ಕಳೆದ ಮಳೆಗಾಲದಲ್ಲಿ ನನ್ನ ತರಗತಿಯ ಒಬ್ಬ ಹುಡುಗ ಪಾಠ ಮುಗಿದ ಮೇಲೂ ಹೋಗದೆ ನಿಂತಿದ್ದ. "ಉಸ್ತಾದ್, ನಮ್ಮ ನಾನಿಮಾ ಝುಹರ್ ಶುರುಮಾಡಿದರೆ ಅಸರ್ ತನಕ ಮುಗಿಸೋದೇ ಇಲ್ಲ" ಎಂದ. ಆ ತಾಯಿಗೆ ಎಪ್ಪತ್ತು ದಾಟಿದೆ. ಎಷ್ಟು ರಕಅತ್ ಆಯಿತೆಂದು ನೆನಪಿರುವುದಿಲ್ಲ. ಮುರಿದು ಮತ್ತೆ ಆರಂಭಿಸುತ್ತಾರೆ, ಮತ್ತೆ ಸಂಶಯ, ಮತ್ತೆ ಆರಂಭ. ಮಂಡಿನೋವಿನಿಂದ ನರಳುತ್ತಾರೆ, ಅಳುತ್ತಾರೆ, ತನ್ನ ನಮಾಝ್ ಅಲ್ಲಾಹನಿಗೆ ಬೇಡವಾಗಿದೆ ಎನ್ನುತ್ತಾರೆ. ಮನೆಯವರು ಮೊದಮೊದಲು ಸಮಾಧಾನ ಹೇಳಿ, ಈಗ ಬೇಸತ್ತು ಸುಮ್ಮನಾಗಿದ್ದಾರೆ.

ಈ ಲೇಖನ ಬರೆಯಲು ನಿಜವಾದ ಕಾರಣ ಆ ಹುಡುಗನೇ. ಏಕೆಂದರೆ ಇಂಥ ವೃದ್ಧರು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ಇದ್ದಾರೆ.

ಸಂಶಯದ ವಿಧಿ ಹೀಗಿದೆ. ಎಂದೂ ಇಲ್ಲದ ಸಂಶಯ ಅಪರೂಪಕ್ಕೆ ಬಂದವನು ನಮಾಝನ್ನು ಹೊಸದಾಗಿ ಆರಂಭಿಸಲಿ. ಆದರೆ ಸಂಶಯವು ಅಭ್ಯಾಸವಾಗಿಬಿಟ್ಟವರು ಹಾಗೆ ಮಾಡಬಾರದು. ಅವರು ಮನಸ್ಸು ಯಾವ ಕಡೆಗೆ ಹೆಚ್ಚು ವಾಲುತ್ತದೆಯೋ ಅದರಂತೆ ನಡೆಯಬೇಕು. ನಾಲ್ಕು ಎಂದು ಮನಸ್ಸು ಬಲವಾಗಿ ಹೇಳಿದರೆ ನಾಲ್ಕೇ. ಎರಡೂ ಕಡೆಗೆ ಸಮನಾಗಿ ತೂಗಿದರೆ ಕಡಿಮೆಯದನ್ನು ಹಿಡಿಯಬೇಕು. ಸಾಲದ ಕಂತು ಮೂರು ಕಟ್ಟಿದೆನೋ ನಾಲ್ಕು ಕಟ್ಟಿದೆನೋ ಎಂಬ ಅನುಮಾನ ಬಂದರೆ ಖಚಿತವಾಗಿರುವುದು ಮೂರು ತಾನೆ? ಹಾಗೆಯೇ ಇಲ್ಲಿಯೂ ಮೂರೆಂದು ಎಣಿಸಿ, ಅದು ನಾಲ್ಕನೆಯದೂ ಆಗಿರಬಹುದಾದ್ದರಿಂದ ಅಲ್ಲಿಯೂ ಕುಳಿತು ಅತ್ತಹಿಯ್ಯಾತ್ ಓದಿ, ಎದ್ದು ಇನ್ನೊಂದು ರಕಅತ್ ಮಾಡಿ, ಸಜ್ದಾ ಸಹ್ವ್‌ನೊಂದಿಗೆ ಮುಗಿಸಬೇಕು. ಹ. ಅಬೂ ಸಈದ್ ಖುದ್ರೀ(ರ) ಅವರ ವರದಿಯ ಆಶಯ ಬಹಳ ಸಮಾಧಾನಕರವಾದುದು: ವಾಸ್ತವದಲ್ಲಿ ಐದಾಗಿದ್ದರೆ ಆ ಎರಡು ಸಜ್ದಾಗಳು ಅದನ್ನು ಸರಿಜೋಡಿಯಾಗಿಸುತ್ತವೆ, ನಾಲ್ಕೇ ಆಗಿದ್ದರೆ ಅವು ಶೈತಾನನಿಗೆ ಮುಖಭಂಗ. ಸಲಾಮ್ ಹೇಳಿದ ನಂತರ ಬರುವ ಸಂಶಯಕ್ಕಂತೂ ಬೆಲೆಯೇ ಇಲ್ಲ. ಕಡಿಮೆಯಾಯಿತೆಂಬ ಖಚಿತ ನೆನಪು ಬಂದರೆ ಮಾತ್ರ ಬೇರೆ.

ಅದಾನ್ ಕೇಳಿ ಓಡಿದ ಶೈತಾನನು ಮರಳಿ ಬಂದು, ನಮಾಝಿನಲ್ಲಿ ನಿಂತವನಿಗೆ ಅದು ನೆನೆ, ಇದು ನೆನೆ ಎಂದು ಮರೆತ ಸಂಗತಿಗಳನ್ನೆಲ್ಲ ನೆನಪಿಸುತ್ತಾನೆ, ಕೊನೆಗೆ ಎಷ್ಟು ರಕಅತ್ ಆಯಿತೆಂಬುದೇ ಅವನಿಗೆ ತಿಳಿಯದಂತಾಗುತ್ತದೆ ಎಂದು ಹದೀಸ್‌ನಲ್ಲಿದೆ. ಹಣ ಹೂತಿಟ್ಟ ಜಾಗ ಮರೆತ ಒಬ್ಬನಿಗೆ ಇಮಾಮ್ ಅಬೂ ಹನೀಫಾ(ರ) ರಾತ್ರಿಯಿಡೀ ನಮಾಝ್ ಮಾಡಲು ಹೇಳಿದರಂತೆ, ಅವನಿಗೆ ಸ್ವಲ್ಪ ಹೊತ್ತಿನಲ್ಲೇ ಜಾಗ ನೆನಪಾಯಿತಂತೆ ಎಂಬ ಕತೆಯನ್ನು ಮದ್ರಸಗಳಲ್ಲಿ ಹೇಳುತ್ತಾರೆ. ಅಡಿಕೆಯ ಧಾರಣೆ, ಅಂಗಡಿಯ ಬಾಕಿ, ಜೇಬಿನಲ್ಲಿ ಗುಂಯ್‌ಗುಡುವ ಮೊಬೈಲ್ - ನಮಗೆ ನೆನಪಾಗುವುದು ಇವು. ಆದರೆ ಆ ತಾಯಿಯದು ಈ ಬಗೆಯ ಮರೆವಲ್ಲ, ವಯಸ್ಸಿನ ಮರೆವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸೂರಃ ಅಲ್ ಮಾಊನ್‌ನಲ್ಲಿ (107:5) ನಮಾಝನ್ನು ಮರೆತಿರುವವರಿಗೆ ಕಠಿಣ ಎಚ್ಚರಿಕೆಯಿದೆ. ಆ ತಾಯಿ ಹೆದರಿದ್ದು ಅದಕ್ಕೇ. ಯಾರೋ ಅವರಿಗೆ ಅದನ್ನು ಓದಿ ಹೇಳಿದ್ದರು. ಅಲ್ಲಿರುವ ಅರಬಿ ಪದ 'ಅನ್', 'ಫೀ' ಅಲ್ಲ. ಕನ್ನಡದ ವಿಭಕ್ತಿಯಲ್ಲಿ ಹೇಳುವುದಾದರೆ 'ನಮಾಝಿನಲ್ಲಿ' ಮರೆಯುವವರು ಎಂಬ ಸಪ್ತಮಿ ಅಲ್ಲಿಲ್ಲ; 'ನಮಾಝಿನಿಂದ' ವಿಮುಖರಾಗಿ, ಅದರ ವಿಷಯದಲ್ಲೇ ಉದಾಸೀನರಾದವರು ಎಂಬ ಅರ್ಥ ಅಲ್ಲಿರುವುದು. ಆ ಒಂದು ಪದಕ್ಕಾಗಿ ಹಿಂದಿನ ವ್ಯಾಖ್ಯಾನಕಾರರು ಅಲ್ಲಾಹನನ್ನು ಸ್ತುತಿಸಿದ್ದಾರೆ. 'ಫೀ' ಎಂದಿದ್ದರೆ ನಮ್ಮಲ್ಲಿ ಯಾರು ತಾನೇ ಉಳಿಯುತ್ತಿದ್ದರು? ಮಧ್ಯಾಹ್ನದಿಂದ ಸಂಜೆಯವರೆಗೆ ನಮಾಝಿನ ಚಾಪೆ ಬಿಡದೆ ಅಳುವವರು ಆ ವಚನದಲ್ಲಿ ಹೇಳಿದವರಲ್ಲ.

ಹುಡುಗನಿಗೆ ನಾನು ಹೇಳಿಕೊಟ್ಟದ್ದು ಇಷ್ಟು. ನಾನಿಮಾ ಮೊದಲ ರಕಅತ್‌ನಲ್ಲಿ ಸೂರಃ ಫೀಲ್, ಎರಡನೆಯದರಲ್ಲಿ ಸೂರಃ ಕುರೈಶ್ ಓದಲಿ. ಎಣಿಕೆಗೆ ಅದೇ ಗುರುತು. (ಆ ಸೂರಃಗಳೇ ಕಡ್ಡಾಯವೆಂದು ಭಾವಿಸದೆ ಅನುಕೂಲಕ್ಕಾಗಿ ಹೀಗೆ ಓದುವುದರಲ್ಲಿ ದೋಷವಿಲ್ಲ.) ಅವರು ಮುರಿದು ಆರಂಭಿಸುವುದನ್ನು ನಿಲ್ಲಿಸಲಿ, ಸಂಶಯ ಬಂದರೆ ಮನಸ್ಸು ವಾಲಿದ ಕಡೆಗೆ, ಇಲ್ಲವೇ ಕಡಿಮೆಯ ಕಡೆಗೆ, ಕೊನೆಯಲ್ಲಿ ಎರಡು ಸಜ್ದಾ. ನಿಂತು ಮಾಡುವುದು ಅಸಾಧ್ಯವಾದರೆ ಕುಳಿತು ಮಾಡಲಿ. ಮರೆವು ಇನ್ನೂ ಹೆಚ್ಚಿ, ರಕಅತ್ ಸಜ್ದಾಗಳ ಲೆಕ್ಕವೇ ಹಿಡಿಯಲಾಗದಷ್ಟು ಅಸ್ವಸ್ಥರಾದ ದಿನ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು, ಈಗ ರುಕೂ, ಈಗ ಸಜ್ದಾ ಎಂದು ಹೇಳಿಕೊಟ್ಟು ಮಾಡಿಸಿದರೂ ಅಂಥ ರೋಗಿಯ ನಮಾಝ್ ಆಗುತ್ತದೆಂದು ಹನಫೀ ಗ್ರಂಥಗಳಲ್ಲಿದೆ. ಆರೋಗ್ಯವಂತರಿಗೆ ಹೊರಗಿನವರು ಹೀಗೆ ಹೇಳಿಕೊಡುವಂತಿಲ್ಲ. ಇದು ಅವರಿಗಾಗಿ ಇರುವ ರಿಯಾಯಿತಿ.

ಎರಡು ವಾರಗಳ ಬಳಿಕ ಹುಡುಗ ಮತ್ತೆ ಬಂದ. ನಾನಿಮಾ ಈಗ ಹೆಚ್ಚಿನ ದಿನ ಒಂದೇ ಸಲಕ್ಕೆ ಮುಗಿಸುತ್ತಾರಂತೆ. ಆದರೆ ನಡುನಡುವೆ "ಎಷ್ಟಾಯ್ತೋ ಮುನ್ನಾ?" ಎಂದು ಅವನನ್ನೇ ಕೇಳಿಬಿಡುತ್ತಾರಂತೆ. ಹಾಗೆ ಬಾಯಿಬಿಟ್ಟು ಕೇಳಿದರೆ ನಮಾಝ್ ಮುರಿಯುತ್ತದೆ ಎಂದು ಸಮಾಧಾನದಿಂದ ತಿಳಿಸಲು ಹೇಳಿದೆ. ಅವರು ನಮಾಝಿಗೆ ನಿಂತಾಗ ಮುನ್ನಾ ಎದುರಿಗೆ ಕಾಣುವಂತೆ ಕೂರದಿರುವುದೇ ಒಳ್ಳೆಯದು ಎಂದೂ ಹೇಳಿದೆ.